ಗೂಗಲ್ ಡ್ರೈವ್ ವಿಮರ್ಶೆ: ಉಳುವವರು ಹತ್ತು ಮಂದಿ, ಪಹಣಿ ಒಬ್ಬರ ಹೆಸರಲ್ಲಿ

ಹತ್ತಾರು ಜನ ಬಳಸುವ ಗೂಗಲ್ ಡ್ರೈವ್ ಫೋಲ್ಡರ್ ಒಂದನ್ನು ಕಂಪ್ಯೂಟರಿನಲ್ಲಿ ತೆರೆದು ಲಿಸ್ಟ್ ವ್ಯೂಗೆ ಬದಲಿಸಿ. ಫೈಲಿನ ಹೆಸರಿನ ಪಕ್ಕದಲ್ಲಿ 'ಓನರ್' ಎಂಬ ಕಾಲಂ ಕಾಣುತ್ತದೆ. ಸಾಮಾನ್ಯವಾಗಿ ಯಾರೂ ಅದರ ಮೇಲೆ ಕಣ್ಣು ಹಾಯಿಸುವುದಿಲ್ಲ. ಸಂಘದ್ದು, ಶಾಲೆಯದ್ದು, ಅಪಾರ್ಟ್‌ಮೆಂಟಿನದ್ದು ಎಂದು ಎಲ್ಲರೂ ನಂಬಿರುವ ಫೋಲ್ಡರಿನಲ್ಲೇ ಆ ಕಾಲಂ ತುಂಬ ಬಿಡಿಬಿಡಿ ಹೆಸರುಗಳಿರುತ್ತವೆ: ಹಿಂದಿನ ಕಾರ್ಯದರ್ಶಿ, ಕೆಲಸ ಬಿಟ್ಟು ಹೋದ ಗುಮಾಸ್ತ, ವಾರ್ಷಿಕೋತ್ಸವದ ಫೋಟೊ ಹಾಕಿ ಮತ್ತೆ ಇತ್ತ ತಲೆ ಹಾಕದ ಸ್ವಯಂಸೇವಕ.

ಪಹಣಿ ಓದಿ ರೂಢಿಯಿರುವವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ 9ನೇ ಕಾಲಂನಲ್ಲಿ ಮಾಲೀಕರು, 12ನೇ ಕಾಲಂನಲ್ಲಿ ಸಾಗುವಳಿದಾರರು. ಡ್ರೈವಿನ ಎಡಿಟರ್, ಕಮೆಂಟರ್, ವ್ಯೂವರ್ ಎಲ್ಲರೂ 12ನೇ ಕಾಲಂನವರು. 9ರಲ್ಲಿ ಒಂದು ಫೈಲಿಗೆ ಒಂದೇ ಹೆಸರು, ಜಂಟಿ ಖಾತೆ ಇಲ್ಲ. 'ಉಳುವವನೇ ಭೂಒಡೆಯ' ಎಂಬ 1974ರ ಘೋಷಣೆಗೂ ಇಲ್ಲಿ ಬೆಲೆಯಿಲ್ಲ. ಹತ್ತು ವರ್ಷ ಒಂದೇ ಶೀಟಿನಲ್ಲಿ ಲೆಕ್ಕ ಬರೆದರೂ ಎಡಿಟರ್ ಎಡಿಟರಾಗಿಯೇ ಉಳಿಯುತ್ತಾರೆ.

ಡ್ರೈವ್ 2012ರ ಏಪ್ರಿಲ್‌ನಿಂದ ಇದೆ. ಅದರ ವೇಗ, ಆ್ಯಪ್, ಹುಡುಕಾಟದ ಬಗ್ಗೆ ಹೇಳಬೇಕಾದ್ದು ಹೆಚ್ಚೇನೂ ಉಳಿದಿಲ್ಲ. ಇಲ್ಲಿ ನೋಡುವುದು ಒಂದೇ ಸಂಗತಿ: ಹಲವರು ಸೇರಿ ಬಳಸುವಾಗ ಒಡೆತನ ಯಾರದು, ಬಳಕೆಯ ಹಕ್ಕು ಯಾರದು. ತೀರ್ಪು ಮೊದಲೇ ಬೇಕಿದ್ದವರಿಗೆ: ಬಳಕೆಯ ಹಕ್ಕು ಹಂಚುವುದರಲ್ಲಿ ಡ್ರೈವ್ ಬಹಳ ಚೆನ್ನಾಗಿದೆ. ಒಡೆತನದ ಮಟ್ಟಿಗೆ ಉಚಿತ ಜಿಮೇಲ್ ಅಕೌಂಟಿನ ಡ್ರೈವ್ ಒಬ್ಬರ ಅಳತೆಗೆ ಹೊಲಿದ ಅಂಗಿ. ಸಂಸ್ಥೆಗೆ ತೊಡಿಸಿದರೆ ಕಂಕುಳಲ್ಲಿ ಬಿರಿಯುತ್ತದೆ.

ಬಳಕೆಯ ಹಕ್ಕು

ವ್ಯೂವರ್ ನೋಡಬಹುದು. ಕಮೆಂಟರ್ ಟಿಪ್ಪಣಿ ಹಾಕಬಹುದು, ತಿದ್ದುಪಡಿ ಸೂಚಿಸಬಹುದು. ಎಡಿಟರ್ ತಿದ್ದಬಹುದು; ಜೊತೆಗೆ, ಬಹಳ ಮಂದಿಗೆ ಗೊತ್ತಿಲ್ಲದ ಹಾಗೆ, ಇನ್ನೊಬ್ಬರನ್ನು ಒಳಗೆ ಕರೆದುಕೊಳ್ಳಲೂಬಹುದು. ಇದು ತಾನಾಗಿಯೇ ಚಾಲೂ ಇರುವ ಸವಲತ್ತು. ನಿಲ್ಲಿಸಬೇಕಿದ್ದರೆ ಶೇರ್ ಕಿಟಕಿಯ ಮೇಲ್ತುದಿಯ ಹಲ್ಲುಚಕ್ರ ಒತ್ತಿ, 'ಎಡಿಟರ್ಸ್ ಕ್ಯಾನ್ ಚೇಂಜ್ ಪರ್ಮಿಷನ್ಸ್ ಆ್ಯಂಡ್ ಶೇರ್' ಎದುರಿನ ಗುರುತು ತೆಗೆಯಬೇಕು. ಸದಸ್ಯರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೊ ಇರುವ ಫೋಲ್ಡರಿಗೆ ಮೊದಲ ದಿನವೇ ಈ ಕೆಲಸ ಆಗಬೇಕು.

ಅಲ್ಲೇ ಕೆಳಗೆ, ನೋಡುವವರಿಗೆ ಡೌನ್‌ಲೋಡ್, ಪ್ರಿಂಟ್, ಕಾಪಿ ಆಯ್ಕೆ ಕಾಣದಂತೆ ಮಾಡುವ ಇನ್ನೊಂದು ಗುರುತಿದೆ. ಅದನ್ನು ಅತಿಯಾಗಿ ನಂಬಬೇಡಿ. ಪರದೆಯ ಫೋಟೊ ತೆಗೆಯಲು ಇನ್ನೊಂದು ಮೊಬೈಲ್ ಸಾಕು.

'ಎನಿವನ್ ವಿತ್ ದ ಲಿಂಕ್' ಎಂಬುದು ಬಾಗಿಲಿನ ಮೇಲ್ಗಡೆ ಕೀಲಿ ಇಟ್ಟು ಹೋದ ಹಾಗೆ. ಲಿಂಕ್ ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತೆಂದರೆ ಅದು ಎಲ್ಲಿಗೆ ಹೋಯಿತೆಂದು ಲೆಕ್ಕ ಇಡಲಾಗದು. ಅದರಲ್ಲೂ ಲಿಂಕಿಗೆ ಎಡಿಟರ್ ಹಕ್ಕು ಕೊಟ್ಟರೆ, ಲಾಗಿನ್ ಆಗದೆ ಬಂದವರು ಯಾವುದೋ ಪ್ರಾಣಿಯ ಹೆಸರಲ್ಲಿ ಕಾಣುತ್ತಾರೆ. ಯಾರು ತಿದ್ದಿದರು ಎಂದರೆ 'ಅನಾಮಿಕ ಆನೆ' ಎಂಬ ಉತ್ತರ. ಲೆಕ್ಕಪತ್ರದ ವಿಷಯದಲ್ಲಿ ಅದರಿಂದ ಏನು ಪ್ರಯೋಜನ? ಆಮಂತ್ರಣ ಪತ್ರಿಕೆ, ಕಾರ್ಯಕ್ರಮ ಪಟ್ಟಿ ಮುಂತಾದವಕ್ಕೆ ಲಿಂಕ್ ಇರಲಿ, ಅದೂ ವ್ಯೂವರ್ ಆಗಿ. ಮಿಕ್ಕಿದ್ದಕ್ಕೆಲ್ಲ 'ರಿಸ್ಟ್ರಿಕ್ಟೆಡ್' ಇಟ್ಟು, ಒಬ್ಬೊಬ್ಬರ ಇಮೇಲ್ ಸೇರಿಸುವುದೇ ಸರಿ.

ಶೀಟ್ಸ್‌ನಲ್ಲಿ 'ಡೇಟಾ' ಮೆನುವಿನ 'ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್' ಬಹಳ ಉಪಯುಕ್ತ. ಒಟ್ಟು ಮೊತ್ತದ ಸಾಲು, ಸೂತ್ರವಿರುವ ಕಾಲಂಗಳನ್ನು ಮುಚ್ಚಿ, ದಿನದ ನಮೂದು ಬರೆಯುವ ಜಾಗವನ್ನಷ್ಟೇ ತೆರೆದಿಡಬಹುದು. ಆದರೆ ಎರಡು ಮಾತು ನೆನಪಿರಲಿ. ಫೈಲಿನ ಮಾಲೀಕರನ್ನು ಯಾವ ಪ್ರೊಟೆಕ್ಷನ್ನೂ ತಡೆಯುವುದಿಲ್ಲ. ಮತ್ತು ಇದು ಗುಟ್ಟು ಕಾಯುವ ಬೀಗವಲ್ಲ, ಕೈತಪ್ಪು ತಡೆಯುವ ಬೇಲಿ ಮಾತ್ರ. ಮುಚ್ಚಿದ ಜಾಗವನ್ನೂ ಓದಬಹುದು, ನಕಲು ಮಾಡಿಕೊಳ್ಳಬಹುದು. ಸಂಬಳದ ಪಟ್ಟಿಯನ್ನು 'ಹೈಡ್' ಮಾಡಿ ಅದೇ ಫೈಲನ್ನು ಎಲ್ಲರಿಗೂ ಕೊಡುವವರಿದ್ದಾರೆ. ಯಾವ ಎಡಿಟರ್ ಬೇಕಾದರೂ ಅದನ್ನು 'ಅನ್‌ಹೈಡ್' ಮಾಡಬಹುದು. ಗುಟ್ಟಿನದಕ್ಕೆ ಬೇರೆ ಫೈಲೇ ಬೇಕು.

ಎಡಿಟರ್ ಒಬ್ಬರು ಡಾಕ್ಸ್ ಅಥವಾ ಶೀಟ್ಸ್ ಫೈಲನ್ನು ಪೂರ್ತಿ ಅಳಿಸಿ ಖಾಲಿ ಮಾಡಿದರೂ ಹೆದರಬೇಕಿಲ್ಲ. ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಎಚ್ ಒತ್ತಿದರೆ ಹಳೆಯ ಆವೃತ್ತಿಗಳೆಲ್ಲ ತಿದ್ದಿದವರ ಹೆಸರಿನೊಂದಿಗೆ ಸಿಗುತ್ತವೆ, ಬೇಕಾದ್ದನ್ನು ಮರಳಿಸಿದರಾಯಿತು. ಪಿಡಿಎಫ್, ಫೋಟೊ ಮುಂತಾದವುಗಳಿಗೆ ಈ ಸವಲತ್ತು ಮೊಟಕು. ಹಳೆಯ ಆವೃತ್ತಿ 30 ದಿನ ಕಳೆದರೆ ಅಥವಾ ಆವೃತ್ತಿಗಳು 100 ದಾಟಿದರೆ, ಉಳಿಸಿಕೋ ಎಂದು ಗುರುತು ಹಾಕದಿದ್ದರೆ, ಅಳಿಯುತ್ತದೆ.

ಇಷ್ಟರ ಮಟ್ಟಿಗೆ ಡ್ರೈವಿನ ಮೇಲೆ ದೂರು ಹೇಳುವಂಥದ್ದು ಕಡಿಮೆ. ಮುಂದಿನದು ಬೇರೆ ಕಥೆ.

ಫೋಲ್ಡರ್ ಒಬ್ಬರದು, ಒಳಗಿನ ಫೈಲು ಇನ್ನೊಬ್ಬರದು

ಅಧ್ಯಕ್ಷರು ತಮ್ಮ ಅಕೌಂಟಿನಲ್ಲಿ ಒಂದು ಫೋಲ್ಡರ್ ಮಾಡಿ ಹತ್ತು ಜನರಿಗೆ ಎಡಿಟರ್ ಹಕ್ಕು ಕೊಟ್ಟರು ಎನ್ನಿ. ಆ ಫೋಲ್ಡರಿನೊಳಗೆ ಯಾರು ಫೈಲು ಹುಟ್ಟಿಸುತ್ತಾರೋ ಅಥವಾ ಅಪ್‌ಲೋಡ್ ಮಾಡುತ್ತಾರೋ, ಆ ಫೈಲಿನ ಮಾಲೀಕರು ಅವರೇ. ಫೋಲ್ಡರಿನ ಮಾಲೀಕರಿಗೆ ಅದು ಸೇರುವುದಿಲ್ಲ. ನಮ್ಮ ಹೊಲದಲ್ಲಿ ಬೇರೆಯವರು ನೆಟ್ಟ ತೆಂಗಿನ ಮರ ಅವರ ಖಾತೆಯಲ್ಲೇ ಉಳಿದ ಹಾಗೆ. ಡ್ರೈವಿನಲ್ಲಿ ಆಗುವ ಮುಕ್ಕಾಲು ಪಾಲು ಗೊಂದಲದ ಬೇರು ಇಲ್ಲಿದೆ.

ಮೊದಲನೆಯದು ಜಾಗದ ಲೆಕ್ಕ. ಉಚಿತ 15 ಜಿಬಿ ಎಂಬುದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರಿಂದ ಹೊಸ ಡಾಕ್ಸ್, ಶೀಟ್ಸ್, ಸ್ಲೈಡ್ಸ್ ಕೂಡ ಅದರಲ್ಲೇ. 2024ರಿಂದ ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಅಲ್ಲೇ ಬಂದು ಕೂತಿದೆ. ಪ್ರತಿ ಫೈಲಿನ ಗಾತ್ರ ಅದರ ಮಾಲೀಕರ ಲೆಕ್ಕಕ್ಕೆ ಬೀಳುತ್ತದೆ, ಫೋಲ್ಡರ್ ಮಾಲೀಕರ ಲೆಕ್ಕಕ್ಕಲ್ಲ. ಹಾಗಾಗಿ ಅಧ್ಯಕ್ಷರು ದುಡ್ಡು ಕೊಟ್ಟು 2 ಟಿಬಿ ಜಾಗ ಕೊಂಡಿದ್ದರೂ, ತಮ್ಮ 15 ಜಿಬಿ ತುಂಬಿಸಿಕೊಂಡ ಸದಸ್ಯರಿಗೆ ಆ ಫೋಲ್ಡರಿಗೆ ಒಂದು ಫೋಟೊ ಹಾಕಲೂ ಆಗುವುದಿಲ್ಲ. 'ಸಂಘದ ಡ್ರೈವ್ ಫುಲ್ ಆಗಿದೆ' ಎಂಬ ದೂರು ಬಂದಾಗ ತುಂಬಿರುವುದು ದೂರು ಕೊಟ್ಟವರ ಅಕೌಂಟೇ ಇರಬೇಕು, ಮೊದಲು ಅದನ್ನು ನೋಡಿ.

ಇದರ ಇನ್ನೊಂದು ಮುಖ ಹೆಚ್ಚು ಕೆಟ್ಟದ್ದು. ಮಾಲೀಕರ ಜಾಗ ಮಿತಿ ಮೀರಿದರೆ ಅವರ ಡಾಕ್ಸ್, ಶೀಟ್ಸ್ ಫೈಲುಗಳನ್ನು ಯಾರೂ ತಿದ್ದಲಾಗದ ಸ್ಥಿತಿ ಬರುತ್ತದೆ. ಖಜಾಂಚಿಯವರ ಫೋನಿನಿಂದ ಮೊಮ್ಮಗುವಿನ ವಿಡಿಯೊ ಗೂಗಲ್ ಫೋಟೋಸಿಗೆ ಹೋಗಿ ಜಾಗ ತುಂಬಿದ ಕಾರಣಕ್ಕೆ ಸಂಘದ ಲೆಕ್ಕದ ಶೀಟು ಹೆಪ್ಪುಗಟ್ಟಿ ನಿಲ್ಲುವುದುಂಟು. ಹಾಗೇ ಮಿತಿ ಮೀರಿ 2 ವರ್ಷ ಬಿಟ್ಟರೆ ಒಳಗಿರುವುದನ್ನು ಅಳಿಸುವ ಹಕ್ಕನ್ನೂ ಗೂಗಲ್ ಇಟ್ಟುಕೊಂಡಿದೆ.

ಎರಡನೆಯದು ಅಳಿಸುವ ಹಕ್ಕು. ಫೈಲನ್ನು ಪೂರ್ತಿ ನಾಶ ಮಾಡಬಲ್ಲವರು ಮಾಲೀಕರು ಮಾತ್ರ. ಅವರು ಡಿಲೀಟ್ ಒತ್ತಿದರೆ ಅದು ಅವರ ಟ್ರ್ಯಾಷಿಗೆ ಹೋಗಿ 30 ದಿನಕ್ಕೆ ತಾನಾಗಿ ಅಳಿಯುತ್ತದೆ. 2020ರ ಅಕ್ಟೋಬರ್‌ಗೆ ಮುಂಚೆ ಟ್ರ್ಯಾಷಿನಲ್ಲಿ ಎಷ್ಟು ಕಾಲವಾದರೂ ಇರುತ್ತಿತ್ತು, ಈಗ ಇಲ್ಲ. ಎಡಿಟರ್ ಬೇರೆಯವರ ಫೈಲನ್ನು ತೆಗೆದುಹಾಕಿದರೆ ಅದು ಸಾಯುವುದಿಲ್ಲ, ಆದರೆ ಫೋಲ್ಡರಿನಿಂದ ಎಲ್ಲರ ಕಣ್ಣಿಗೂ ಮರೆಯಾಗುತ್ತದೆ. ಮಾಲೀಕರ ಅಕೌಂಟಿನಲ್ಲಿ ಯಾವ ಫೋಲ್ಡರಿಗೂ ಸೇರದೆ ಅನಾಥವಾಗಿ ಬಿದ್ದಿರುತ್ತದೆ. ಹುಡುಕಲು ಒಂದು ಉಪಾಯವಿದೆ: ಮಾಲೀಕರು ತಮ್ಮ ಡ್ರೈವಿನ ಹುಡುಕು ಪಟ್ಟಿಯಲ್ಲಿ 'ಈಸ್:ಅನ್‌ಆರ್ಗನೈಸ್ಡ್ ಓನರ್:ಮಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಬೇಕು. ಕೋಲನ್ ಆದ ಮೇಲೆ ಜಾಗ ಬಿಡಬಾರದು; 'ಆರ್ಗನೈಸ್ಡ್'ಗೆ ಅಮೆರಿಕದವರ ಹಾಗೆ ಝಡ್ ಹಾಕಬೇಕು, ಎಸ್ ಹಾಕಿದರೆ ಸಿಗದು. ಕಳೆದುಹೋಯಿತೆಂದು ಕೈಬಿಟ್ಟ ಫೈಲುಗಳಲ್ಲಿ ಎಷ್ಟೋ ಇಲ್ಲಿ ಪತ್ತೆಯಾಗುತ್ತವೆ.

ಅನಾಹುತ ಮಾಡುವವರು ಯಾವಾಗಲೂ ಅಳಿಸುವವರೇ ಅಲ್ಲ, ಅಚ್ಚುಕಟ್ಟು ಮಾಡುವವರು. 2020ರ ಸೆಪ್ಟೆಂಬರ್ ಕೊನೆಯಿಂದ ಡ್ರೈವಿನಲ್ಲಿ ಒಂದು ಫೈಲು ಒಂದೇ ಫೋಲ್ಡರಿನಲ್ಲಿ ಇರಬಲ್ಲದು. ಸದಸ್ಯರೊಬ್ಬರು ಸಂಘದ ಫೋಲ್ಡರಿನಿಂದ ನಡಾವಳಿಯ ಫೈಲನ್ನು ಎಳೆದು 'ನನ್ನ ಕೆಲಸ' ಎಂಬ ಸ್ವಂತ ಫೋಲ್ಡರಿಗೆ ಹಾಕಿಕೊಂಡರೆ, ಅಲ್ಲಿ ನಕಲು ಬೀಳುವುದಿಲ್ಲ; ಮೂಲವೇ ಎದ್ದು ಹೋಗುತ್ತದೆ. ಎಚ್ಚರಿಕೆಯ ಪೆಟ್ಟಿಗೆ ಬರುತ್ತದಾದರೂ ಅದನ್ನು ಓದುವವರು ಕಡಿಮೆ. ಕೈಗೆ ಹತ್ತಿರ ಬೇಕಿದ್ದರೆ ಬಲ ಕ್ಲಿಕ್ಕಿನ 'ಆ್ಯಡ್ ಶಾರ್ಟ್‌ಕಟ್' ಬಳಸಬೇಕು. ಯಾರು ಎತ್ತಿಕೊಂಡು ಹೋದರು ಎಂಬುದು ಫೋಲ್ಡರಿನ ವಿವರ ಪಟ್ಟಿಯ 'ಆ್ಯಕ್ಟಿವಿಟಿ' ಪುಟದಲ್ಲಿ ಹೆಸರು, ಸಮಯದೊಂದಿಗೆ ಸಿಗುತ್ತದೆ. ಜಗಳಕ್ಕೆ ಮುಂಚೆ ಅದನ್ನೊಮ್ಮೆ ನೋಡಿದರೆ ಒಳ್ಳೆಯದು.

ಹಂಚಿಕೊಂಡ ಕಂಪ್ಯೂಟರುಗಳ ಲೋಕದಲ್ಲಿ ಇದು ಹಳೆಯ ತಕರಾರು. ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿನಲ್ಲಿ ಅಳಿಸುವ ಹಕ್ಕು ಫೈಲಿನ ಮಾಲೀಕರಿಗಲ್ಲ, ಫೋಲ್ಡರಿಗೆ ಬರೆಯಬಲ್ಲವರಿಗೆ ಸೇರಿದ್ದು. ಎಲ್ಲರೂ ಬರೆಯಬಹುದಾದ ಫೋಲ್ಡರಿನಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಬಹುದಿತ್ತು. ಅದನ್ನು ತಡೆಯಲು ಯೂನಿಕ್ಸಿನ ಒಂದು ಆವೃತ್ತಿಯಾದ 1986ರ 4.3 ಬಿಎಸ್‌ಡಿಯಲ್ಲಿ 'ಸ್ಟಿಕಿ ಬಿಟ್' ಎಂಬ ಗುರುತಿಗೆ ಹೊಸ ಅರ್ಥ ಕೊಟ್ಟರು: ಗುರುತು ಹಾಕಿದ ಫೋಲ್ಡರಿನಲ್ಲಿ ಫೈಲಿನ ಮಾಲೀಕರು, ಫೋಲ್ಡರಿನ ಮಾಲೀಕರು, ರೂಟ್ (ಇಡೀ ಕಂಪ್ಯೂಟರಿನ ಮೇಲೆ ಹಿಡಿತವಿರುವ ಅಕೌಂಟ್) ಬಿಟ್ಟು ಬೇರೆ ಯಾರೂ ಅಳಿಸುವಂತಿಲ್ಲ. ಡ್ರೈವ್ ನಡುದಾರಿ ಹಿಡಿದಿದೆ. ಕೊಲ್ಲುವ ಹಕ್ಕು ಮಾಲೀಕರಿಗೆ, ಮನೆಯಿಂದ ಹೊರಗೆ ಹಾಕುವ ಹಕ್ಕು ಎಡಿಟರಿಗೆ. ತರ್ಕ ಸರಿಯಿದೆ, ಆದರೆ ಬಳಸುವವರಿಗೆ ಎರಡರ ವ್ಯತ್ಯಾಸ ಪರದೆಯ ಮೇಲೆ ಕಾಣುವುದಿಲ್ಲ. ಎರಡೂ ಕಡೆ ಅದೇ ಕಸದ ಬುಟ್ಟಿಯ ಚಿತ್ರ.

ಖಾತೆ ಬದಲಾವಣೆ

ಒಡೆತನ ವರ್ಗಾಯಿಸುವುದು ಹೀಗೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್, ಶೇರ್. ಹೊಸ ಮಾಲೀಕರಾಗುವವರನ್ನು ಮೊದಲು ಎಡಿಟರ್ ಆಗಿ ಸೇರಿಸಿ ಮುಗಿಸಿ. ಮತ್ತೆ ಶೇರ್ ತೆರೆದು ಅವರ ಹೆಸರಿನ ಎದುರಿನ ಬಾಣ ಒತ್ತಿದರೆ ಕೆಳಗಡೆ 'ಟ್ರಾನ್ಸ್‌ಫರ್ ಓನರ್‌ಶಿಪ್' ಸಿಗುತ್ತದೆ. ಅಲ್ಲಿಂದ ಕೋರಿಕೆ ಹೋಗುತ್ತದೆ. ಅವರು ಇಮೇಲ್ ತೆರೆದು ಒಪ್ಪಬೇಕು. ಒಪ್ಪುವವರೆಗೂ ನೀವೇ ಮಾಲೀಕರು, ಮನಸ್ಸು ಬದಲಾದರೆ ಹಿಂತೆಗೆಯಬಹುದು. ಒಪ್ಪಿದ ಮೇಲೆ ನೀವು ಬರೀ ಎಡಿಟರ್. ಹೊಸ ಮಾಲೀಕರು ಬಯಸಿದರೆ ನಿಮ್ಮನ್ನು ಹೊರಗೂ ಹಾಕಬಹುದು. ಇಮೇಲ್ ಸ್ಪ್ಯಾಮಿನಲ್ಲಿ ಸೇರಿಹೋಗಿದ್ದರೆ ಅವರು ಡ್ರೈವಿನ ಹುಡುಕು ಪಟ್ಟಿಯಲ್ಲಿ 'ಪೆಂಡಿಂಗ್‌ಓನರ್:ಮಿ' ಎಂದು ಇಂಗ್ಲಿಷಿನಲ್ಲಿ, ನಡುವೆ ಜಾಗವಿಲ್ಲದೆ ಬರೆದರೆ ಬಾಕಿ ಕೋರಿಕೆಗಳೆಲ್ಲ ಒಟ್ಟಿಗೆ ಸಿಗುತ್ತವೆ.

ಈ ಒಪ್ಪಿಗೆಯ ಕಟ್ಟಳೆ ಬರೀ ಕಿರಿಕಿರಿ ಎನಿಸಬಹುದು. ಆದರೆ ಫೈಲಿನೊಂದಿಗೆ ಜಾಗದ ಲೆಕ್ಕವೂ ಹೊಸಬರ ತಲೆಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಕೇಳದೆ ಕೊಡಬಹುದಾಗಿದ್ದರೆ ಯಾರು ಬೇಕಾದರೂ 14 ಜಿಬಿ ಕಸ ಇನ್ನೊಬ್ಬರ ಹೆಸರಿಗೆ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಬಿಎಸ್‌ಡಿ ಯೂನಿಕ್ಸಿನಲ್ಲಿ ಇದೇ ಕಾರಣಕ್ಕೆ, ಒಬ್ಬೊಬ್ಬರಿಗೆ ಗೊತ್ತುಮಾಡಿದ ಜಾಗದ ಮಿತಿ (ಡಿಸ್ಕ್ ಕೋಟಾ) ತಪ್ಪಿಸಿಕೊಳ್ಳಬಾರದೆಂದು, ಮಾಲೀಕರನ್ನು ಬದಲಿಸುವ ಹಕ್ಕನ್ನು ರೂಟ್ ಒಬ್ಬರಿಗೇ ಸೀಮಿತಗೊಳಿಸಿದರು. ಗೂಗಲ್ಲಿನದು ಅದಕ್ಕಿಂತ ಹದವಾದ ಪರಿಹಾರ.

ಕೆಡುವುದು ಬೇರೆ ಕಡೆ. ಫೋಲ್ಡರಿನ ಒಡೆತನ ವರ್ಗಾಯಿಸಿದರೆ ಒಳಗಿನ ಫೈಲುಗಳ ಒಡೆತನ ಹೋಗುವುದಿಲ್ಲ. ಸೈಟಿನ ಖಾತೆ ಬದಲಾಯಿತು, ಮೇಲಿನ ಮನೆಯ ಖಾತೆ ಹಾಗೇ ಉಳಿಯಿತು. 'ಫೋಲ್ಡರ್ ಹ್ಯಾಂಡೋವರ್ ಮಾಡಿದ್ದೇವೆ' ಎಂದು ನಡಾವಳಿಯಲ್ಲಿ ಬರೆದುಕೊಂಡ ಎಷ್ಟೋ ಸಂಘಗಳಲ್ಲಿ ಆಗಿರುವುದು ಇಷ್ಟೇ. ಮತ್ತೆ, ವೈಯಕ್ತಿಕ ಜಿಮೇಲ್‌ನಿಂದ ಸಂಸ್ಥೆಯ ವರ್ಕ್‌ಸ್ಪೇಸ್ (ಗೂಗಲ್ ಸಂಸ್ಥೆಗಳಿಗೆ ಕೊಡುವ ಸೇವೆ) ಅಕೌಂಟಿಗೆ, ಅಥವಾ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾವಣೆ ಇಲ್ಲವೇ ಇಲ್ಲ. ಅಂಥಲ್ಲಿ ಹೊಸ ಅಕೌಂಟಿನಿಂದ 'ಮೇಕ್ ಎ ಕಾಪಿ' ಮಾಡುವುದು ಒಂದು ದಾರಿ. ನಕಲಿನ ಮಾಲೀಕರು ನಕಲು ಮಾಡಿದವರು. ಹಳೆಯ ಆವೃತ್ತಿಗಳ ಇತಿಹಾಸ ಬರುವುದಿಲ್ಲ, ಲಿಂಕೂ ಬದಲಾಗುತ್ತದೆ. ಹಳೆಯ ಲಿಂಕನ್ನು ನೋಟಿಸ್ ಬೋರ್ಡಿನ ಕ್ಯೂಆರ್ ಕೋಡಿನಲ್ಲಿ ಅಚ್ಚು ಹಾಕಿಸಿದ್ದರೆ ಅದನ್ನೂ ಬದಲಿಸಬೇಕು.

ಗೂಗಲ್ ಫಾರ್ಮ್ಸ್ ಬಳಸುವವರು ಇನ್ನೂ ಹುಷಾರಾಗಿರಬೇಕು. ಫಾರ್ಮ್ ಒಂದು ಫೈಲು, ಉತ್ತರಗಳು ಬಂದು ಬೀಳುವ ಶೀಟು ಇನ್ನೊಂದು, ಕಳಿಸಿದ ಫೋಟೊ, ಪಿಡಿಎಫ್ ಶೇಖರವಾಗುವ ಫೋಲ್ಡರ್ ಮತ್ತೊಂದು. ಒಂದರ ಒಡೆತನ ಕೊಟ್ಟರೆ ಉಳಿದವು ಬರುವುದಿಲ್ಲ. ಉತ್ತರ ಬಂದ ಕೂಡಲೇ ಇಮೇಲ್ ಹೋಗುವಂತೆ ಯಾರಾದರೂ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದಿಟ್ಟಿದ್ದರೆ, ಅದನ್ನು ತಾನಾಗಿ ಓಡಿಸುವ ಟ್ರಿಗರ್ ನಡೆಯುವುದು ಅದನ್ನು ಹಾಕಿದವರ ಹಕ್ಕಿನ ಮೇಲೆ. ಫೈಲಿನ ಮಾಲೀಕರು ಬದಲಾದರೂ ಟ್ರಿಗರ್ ಹಳಬರದ್ದೇ. ಅವರ ಅಕೌಂಟ್ ಮುಚ್ಚಿದ ದಿನ ಸದ್ದಿಲ್ಲದೆ ನಿಲ್ಲುತ್ತದೆ. ಹೊಸಬರು ತಮ್ಮ ಅಕೌಂಟಿನಿಂದ ಅದೇ ಟ್ರಿಗರನ್ನು ಮತ್ತೆ ಹಾಕಿ ಅನುಮತಿ ಕೊಡಬೇಕು.

ಉಚಿತ ಅಕೌಂಟಿನಲ್ಲೇ ನಡೆಸುವುದಾದರೆ

'ಸಂಘದ ಜಿಮೇಲ್' ಎಂದು ಒಂದು ಅಕೌಂಟ್ ತೆರೆದು ಪಾಸ್‌ವರ್ಡ್ ಎಲ್ಲರಿಗೂ ಹೇಳಿಬಿಡುವುದು ನಮ್ಮಲ್ಲಿ ರೂಢಿ. ಅರ್ಧ ಸರಿ, ಅರ್ಧ ತಪ್ಪು. ಒಡೆತನ ವ್ಯಕ್ತಿಯ ಹೆಸರಲ್ಲಿ ಇಲ್ಲ ಎಂಬುದು ಸರಿ. ಆದರೆ ಎಲ್ಲರೂ ಅದರಿಂದಲೇ ಕೆಲಸ ಮಾಡಿದರೆ ಆವೃತ್ತಿ ಇತಿಹಾಸದ ತುಂಬ ಒಂದೇ ಹೆಸರು. ಹೊಸ ಫೋನಿನಿಂದ ತೆರೆದಾಗ ಒಟಿಪಿ ಇನ್ಯಾರದೋ ಮೊಬೈಲಿಗೆ. ಆ ಸಿಮ್ ಇಟ್ಟುಕೊಂಡವರು ಊರು ಬಿಟ್ಟರೆ ಬಾಗಿಲೇ ಬಂದ್.

ಸರಿಯಾದ ಕ್ರಮ ಇದು. ಆ ಅಕೌಂಟ್ ಮಾಲೀಕನಾಗಿ ಮಾತ್ರ ಇರಲಿ, ದಿನದ ಕೆಲಸಕ್ಕೆ ಯಾರೂ ಅದರಿಂದ ಲಾಗಿನ್ ಆಗಬಾರದು. ಸದಸ್ಯರೆಲ್ಲ ತಂತಮ್ಮ ಜಿಮೇಲ್‌ನಿಂದಲೇ ಎಡಿಟರ್ ಆಗಿ ಬರಲಿ. ರಿಕವರಿ ಮೊಬೈಲ್ ಒಬ್ಬ ಪದಾಧಿಕಾರಿಯದು, ರಿಕವರಿ ಇಮೇಲ್ ಇನ್ನೊಬ್ಬರದು ಇರಲಿ. ಟು ಸ್ಟೆಪ್ ವೆರಿಫಿಕೇಷನ್ ಹಾಕಿದಾಗ 8 ಅಂಕಿಗಳ 10 ಬ್ಯಾಕಪ್ ಕೋಡು ಸಿಗುತ್ತವೆ. ಒಂದು ಕೋಡು ಒಂದೇ ಸಲ ನಡೆಯುತ್ತದೆ. ಕಾಗದದಲ್ಲಿ ಮುದ್ರಿಸಿ, ಲಕೋಟೆಗೆ ಹಾಕಿ, ಕ್ಯಾಶ್‌ಬುಕ್ ಇಡುವ ಬೀರುವಿನಲ್ಲೇ ಇಡಿ. 2023ರ ಡಿಸೆಂಬರಿನಿಂದ, 2 ವರ್ಷ ಯಾರೂ ಬಳಸದ ವೈಯಕ್ತಿಕ ಅಕೌಂಟುಗಳನ್ನು ಅಳಿಸುವ ನಿಯಮ ಜಾರಿಯಲ್ಲಿದೆ. ಹಾಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಲಾಗಿನ್ ಆಗಿ ಬನ್ನಿ.

ಇಷ್ಟು ಮಾಡಿದರೂ ಮೊದಲಿನ ತೂತು ಹಾಗೇ ಇದೆ: ಸದಸ್ಯರು ಫೋಲ್ಡರಿನಲ್ಲಿ ಹುಟ್ಟಿಸುವ ಫೈಲು ಸದಸ್ಯರದ್ದೇ. ಅದಕ್ಕೆ ಎರಡು ಮದ್ದು. ವರ್ಷದ ಆರಂಭದಲ್ಲೇ ಬೇಕಾಗುವ ಫೈಲುಗಳನ್ನು, ಅಂದರೆ ಹನ್ನೆರಡು ತಿಂಗಳ ಲೆಕ್ಕ, ನಡಾವಳಿ, ಹಾಜರಿ, ಸದಸ್ಯರ ಪಟ್ಟಿ ಎಲ್ಲವನ್ನೂ ಸಂಘದ ಅಕೌಂಟಿನಿಂದ ಖಾಲಿಯಾಗಿಯೇ ಮಾಡಿಡಿ. ಸದಸ್ಯರು ತುಂಬುತ್ತಾ ಹೋಗಲಿ. ಬಿಲ್ಲು, ರಸೀದಿ, ಫೋಟೊಗಳಿಗೆ ಫೋಲ್ಡರ್ ಕೊಡಬೇಡಿ, ಸಂಘದ ಅಕೌಂಟಿನಿಂದ ಒಂದು ಫಾರ್ಮ್ ಮಾಡಿ 'ಫೈಲ್ ಅಪ್‌ಲೋಡ್' ಪ್ರಶ್ನೆ ಹಾಕಿ. ಫಾರ್ಮ್ ಮೂಲಕ ಬಂದ ಫೈಲು ಫಾರ್ಮಿನ ಮಾಲೀಕರ ಡ್ರೈವಿಗೆ ಸೇರುತ್ತದೆ, ಜಾಗದ ಲೆಕ್ಕವೂ ಅಲ್ಲಿಗೇ. ಕಳಿಸುವವರು ಗೂಗಲ್ ಅಕೌಂಟಿನಲ್ಲಿ ಲಾಗಿನ್ ಆಗಿರಲೇಬೇಕು ಎಂಬುದೊಂದೇ ಷರತ್ತು. ಒಂದು ಫೈಲಿಗೆ 10 ಎಂಬಿ ಮಿತಿ ಇಟ್ಟರೆ ರಸೀದಿಯ ಫೋಟೊಗೆ ಧಾರಾಳ. 1 ಜಿಬಿ ಆಯ್ಕೆ ಬಿಟ್ಟಿರೋ, ಯಾರಾದರೂ ಮದುವೆ ವಿಡಿಯೊ ತಂದು ಸುರಿಯುತ್ತಾರೆ.

ಗೂಗಲ್ ಒನ್ ಫ್ಯಾಮಿಲಿ ಯೋಜನೆ ಇದಕ್ಕೆ ಪರಿಹಾರ ಎಂದುಕೊಂಡವರಿದ್ದಾರೆ. ಅಲ್ಲ. ಅದು ಜಾಗವನ್ನು ಹಂಚುತ್ತದೆ, ಫೈಲನ್ನಲ್ಲ. ಒಬ್ಬರ ಫೈಲು ಇನ್ನೊಬ್ಬರಿಗೆ ಕಾಣುವುದೂ ಇಲ್ಲ.

ಸಂಸ್ಥೆಯ ಹೆಸರಿಗೇ ಪಹಣಿ: ಶೇರ್ಡ್ ಡ್ರೈವ್

ಗೂಗಲ್ಲಿಗೆ ಈ ಕೊರತೆ ಗೊತ್ತಿರಲಿಲ್ಲ ಎಂದಲ್ಲ. 2017ರಲ್ಲಿ 'ಟೀಮ್ ಡ್ರೈವ್ಸ್' ಎಂದು ತಂದು, 2019ರಲ್ಲಿ 'ಶೇರ್ಡ್ ಡ್ರೈವ್ಸ್' ಎಂದು ಹೆಸರು ಬದಲಿಸಿದರು. ಇಲ್ಲಿ ಫೈಲಿಗೆ ವ್ಯಕ್ತಿ ಮಾಲೀಕರೇ ಇಲ್ಲ, ಸಂಸ್ಥೆಯೇ ಮಾಲೀಕ. ಯಾರು ಹುಟ್ಟಿಸಿದರೂ, ಅವರು ಬಿಟ್ಟು ಹೋದರೂ ಫೈಲು ಅಲ್ಲೇ ಇರುತ್ತದೆ. ಹಂಚಿ ಬಳಸುವ ವ್ಯವಸ್ಥೆ ಮೊದಲಿನಿಂದಲೂ ಹೀಗೇ ಇರಬೇಕಿತ್ತು. ವೈಯಕ್ತಿಕ ಜಿಮೇಲ್‌ನಲ್ಲಿ ಇದನ್ನು ಹೊಸದಾಗಿ ತೆರೆಯಲಾಗದು, ವರ್ಕ್‌ಸ್ಪೇಸ್ ಬೇಕು. ಆದರೆ ಸಂಸ್ಥೆಯ ಅಕೌಂಟುಗಳನ್ನು ನೋಡಿಕೊಳ್ಳುವ ಅಡ್ಮಿನ್ ಅನುಮತಿ ಇಟ್ಟಿದ್ದರೆ ವೈಯಕ್ತಿಕ ಜಿಮೇಲ್‌ನವರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಬಹುದು. ಎಲ್ಲರಿಗೂ ಪ್ರತ್ಯೇಕ ಅಕೌಂಟ್ ಕೊಳ್ಳಬೇಕಾಗಿಲ್ಲ.

ಹಕ್ಕಿನ ಮೆಟ್ಟಿಲು ಐದು. ವ್ಯೂವರ್, ಕಮೆಂಟರ್ ಹಳೆಯವೇ. ಕಾಂಟ್ರಿಬ್ಯೂಟರ್ ಫೈಲು ಸೇರಿಸಬಹುದು, ತಿದ್ದಬಹುದು, ಆದರೆ ಜಾಗ ಬದಲಿಸುವಂತಿಲ್ಲ, ಅಳಿಸುವಂತಿಲ್ಲ. ಕಂಟೆಂಟ್ ಮ್ಯಾನೇಜರ್ ಜಾಗ ಬದಲಿಸಬಹುದು, ಟ್ರ್ಯಾಷಿಗೂ ಹಾಕಬಹುದು. ಮ್ಯಾನೇಜರ್ ಸದಸ್ಯರನ್ನು ಸೇರಿಸುತ್ತಾರೆ, ತೆಗೆಯುತ್ತಾರೆ, ಟ್ರ್ಯಾಷಿನಿಂದ ಪೂರ್ತಿ ಅಳಿಸುವ ಹಕ್ಕೂ ಅವರಿಗೇ. ಹೊಸಬರನ್ನು ಸೇರಿಸುವಾಗ ತಾನಾಗಿ ಬರುವುದು ಕಂಟೆಂಟ್ ಮ್ಯಾನೇಜರ್. ಇದನ್ನು ಕಾಂಟ್ರಿಬ್ಯೂಟರಿಗೆ ಇಳಿಸುವುದನ್ನು ಮರೆಯಬೇಡಿ. ಮೇಲೆ ಹೇಳಿದ 'ಅಚ್ಚುಕಟ್ಟು ಮಾಡುವವರ' ಕಾಟಕ್ಕೆ ಈ ಒಂದು ಮೆಟ್ಟಿಲೇ ಔಷಧ. ಮ್ಯಾನೇಜರ್ ಇಬ್ಬರಿರಲಿ, ಮೂವರು ಬೇಡ. ಹಣಕಾಸಿಗೆ, ಸದಸ್ಯರ ದಾಖಲೆಗೆ, ಸಾರ್ವಜನಿಕ ಫೋಟೊಗಳಿಗೆ ಒಂದೇ ಡ್ರೈವ್ ಮಾಡಿ ಒಳಗೆ ಬೇಲಿ ಹಾಕುವ ಬದಲು ಮೂರು ಬೇರೆ ಶೇರ್ಡ್ ಡ್ರೈವ್ ಮಾಡಿದರೆ ಗೊಂದಲ ಕಡಿಮೆ.

ಶಾಲಾ ಕಾಲೇಜುಗಳಿಗೆ ಎಜುಕೇಷನ್ ಫಂಡಮೆಂಟಲ್ಸ್ ಆವೃತ್ತಿ ಉಚಿತ. ಇಡೀ ಸಂಸ್ಥೆಗೆ ಸೇರಿ 100 ಟಿಬಿ ಜಾಗ. ನೋಂದಾಯಿತ ಲಾಭರಹಿತ ಸಂಸ್ಥೆಗಳಿಗೂ ಅರ್ಜಿ, ಪರಿಶೀಲನೆಯ ನಂತರ ಉಚಿತ ಆವೃತ್ತಿ ಸಿಗುತ್ತದೆ, ಆದರೆ ಸರ್ಕಾರಿ ಕಚೇರಿ, ಆಸ್ಪತ್ರೆಗಳಿಗೆ ಅದು ಇಲ್ಲ. ಊರಿನ ಟ್ರಸ್ಟುಗಳು, ಕನ್ನಡ ಸಂಘಗಳು ಇದನ್ನು ಕೇಳಿಯೇ ಇಲ್ಲದಂತೆ ಒಬ್ಬರ ಜಿಮೇಲ್‌ನಲ್ಲಿ ಒದ್ದಾಡುತ್ತಿರುವುದು ಬೇಸರದ ಸಂಗತಿ.

ಶೇರ್ಡ್ ಡ್ರೈವ್ ಇದ್ದರೂ ನೌಕರರ ಸ್ವಂತ ವಿಭಾಗವಾದ 'ಮೈ ಡ್ರೈವ್'ನಲ್ಲಿ ಇರುವುದು ಅವರ ಅಕೌಂಟಿಗೇ ಅಂಟಿಕೊಂಡಿರುತ್ತದೆ. ಅಕೌಂಟ್ ಅಳಿಸುವ ಮುಂಚೆ ಅಡ್ಮಿನ್ ಅವರ ಫೈಲುಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಬೇಕು. ಮರೆತು ಅಳಿಸಿದರೆ 20 ದಿನದೊಳಗೆ ಅಕೌಂಟನ್ನು ಮರಳಿ ಎಬ್ಬಿಸಬಹುದು, ಆಮೇಲೆ ಆಗದು. ಓದು ಮುಗಿಸಿ ಹೊರಡುವ ವಿದ್ಯಾರ್ಥಿಗಳಿಗೆ, ಅಕೌಂಟಿನಲ್ಲಿರುವುದನ್ನು ಹೊರತೆಗೆಯುವ ಗೂಗಲ್ ಸೇವೆಯಾದ ಟೇಕ್‌ಔಟ್‌ನಲ್ಲಿ 'ಟ್ರಾನ್ಸ್‌ಫರ್ ಯುವರ್ ಕಂಟೆಂಟ್' ಎಂಬ ದಾರಿ ಇದೆ. ಅದೂ ನಕಲು ಮಾಡುತ್ತದೆಯೇ ಹೊರತು ಒಡೆತನ ಕೊಡುವುದಿಲ್ಲ.

ವರ್ಕ್‌ಸ್ಪೇಸಿಗೆ ಸಾಮಾನ್ಯವಾಗಿ ಒಂದು ಡೊಮೇನ್ ಹೆಸರು, ಅಂದರೆ ಸಂಸ್ಥೆಯದೇ ಅಂತರ್ಜಾಲ ವಿಳಾಸ, ಬೇಕು. ಅದನ್ನು ಯಾರ ಇಮೇಲಿನಿಂದ, ಯಾರ ಕಾರ್ಡಿನಿಂದ ಕೊಂಡಿದ್ದೀರಿ? ಡೊಮೇನ್ ಯಾರ ಕೈಲಿದೆಯೋ ಕೊನೆಗೆ ಎಲ್ಲವೂ ಅವರ ಕೈಲಿದ್ದಂತೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಡೊಮೇನ್ ಇದ್ದರೆ, ಮೇಲೆ ಎಷ್ಟು ಅಚ್ಚುಕಟ್ಟಾಗಿ ಹಕ್ಕು ಹಂಚಿದರೂ ಅಡಿಪಾಯ ಬೇರೆಯವರದೇ. ಎಲ್ಲ ಹಕ್ಕೂ ಇರುವ ಸೂಪರ್ ಅಡ್ಮಿನ್ ಕೂಡ ಕನಿಷ್ಠ ಇಬ್ಬರಿರಬೇಕು.

ಬೇರೆಯವರ ಕಾನೂನು ಒಂದು ನೋಟಕ್ಕೆ: ಒನ್‌ಡ್ರೈವ್‌ನಲ್ಲಿ ಹಂಚಿದ ಫೋಲ್ಡರಿಗೆ ಯಾರು ಹಾಕಿದರೂ ಫೈಲು ಫೋಲ್ಡರಿನವರ ಅಕೌಂಟಿನಲ್ಲೇ ಕೂರುತ್ತದೆ, ಜಾಗವೂ ಅವರದ್ದೇ. ಅನಾಥ ಫೈಲಿನ ತಾಪತ್ರಯ ಕಡಿಮೆ, ಆದರೆ ಉಚಿತ ಜಾಗ 5 ಜಿಬಿ. ಡ್ರಾಪ್‌ಬಾಕ್ಸ್‌ನಲ್ಲಿ ಹಂಚಿದ ಫೋಲ್ಡರಿನ ಗಾತ್ರ ಸೇರಿದವರೆಲ್ಲರ ಲೆಕ್ಕಕ್ಕೂ ಬೀಳುತ್ತದೆ. ಉಚಿತ 2 ಜಿಬಿಯಲ್ಲಿ ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ. ಸ್ವಂತ ಸರ್ವರ್ ನಡೆಸುವ ತಾಕತ್ತಿದ್ದವರಿಗೆ ನೆಕ್ಸ್ಟ್‌ಕ್ಲೌಡ್‌ನಲ್ಲಿ ಗುಂಪಿನ ಹೆಸರಿಗೇ ಫೋಲ್ಡರ್ ಮಾಡುವ ಸೌಕರ್ಯ ಇದೆ, ಜೊತೆಗೆ ಸರ್ವರ್ ಕಾಯುವ ತಲೆನೋವೂ ಇದೆ.

ಪೌತಿ ಖಾತೆ ಇಲ್ಲ

ಮಾಲೀಕರು ತೀರಿಕೊಂಡರೆ? ಕಂದಾಯ ಇಲಾಖೆಯಲ್ಲಿ ಪೌತಿ ಖಾತೆ ಉಂಟು, ಡ್ರೈವಿನಲ್ಲಿ ಇಲ್ಲ. ಇರುವುದು 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್'. ಅಕೌಂಟ್ ಇಂತಿಷ್ಟು ತಿಂಗಳು ಸುಮ್ಮನಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಮಾಲೀಕರೇ ಬದುಕಿರುವಾಗ ಬರೆದಿಡಬೇಕು. ಗರಿಷ್ಠ 10 ಜನರ ಹೆಸರು ಕೊಡಬಹುದು. ಅವರಿಗೆ ಸಿಗುವುದು 3 ತಿಂಗಳ ಕಾಲ ಫೈಲುಗಳನ್ನು ಡೌನ್‌ಲೋಡ್ ಮಾಡಿಕೊಳ್ಳುವ ಅವಕಾಶ ಮಾತ್ರ, ಅಕೌಂಟಾಗಲಿ ಒಡೆತನವಾಗಲಿ ಅಲ್ಲ.

ಆದ್ದರಿಂದ ಪದಾಧಿಕಾರಿಗಳು ಬದಲಾಗುವ ದಿನದ ಕೆಲಸವನ್ನು ಎಲ್ಲರೂ ಎದುರಿಗಿರುವಾಗಲೇ ಮುಗಿಸಬೇಕು. ಸಂಘದ ಅಕೌಂಟಿನಿಂದ ಡ್ರೈವ್ ತೆರೆದು ಹುಡುಕು ಪಟ್ಟಿಯ ಬಲತುದಿಯ ಗುರುತು ಒತ್ತಿ. 'ಓನರ್' ಎದುರು 'ನಾಟ್ ಓನ್ಡ್ ಬೈ ಮಿ' ಆರಿಸಿ, 'ಲೊಕೇಷನ್' ಎದುರು ಸಂಘದ ಫೋಲ್ಡರ್ ಕೊಡಿ. ಬರುವ ಪಟ್ಟಿಯಲ್ಲಿ ಇರುವುದೆಲ್ಲ ಬೇರೆಯವರ ಖಾತೆಯಲ್ಲಿರುವ ಸಂಘದ ಫೈಲು. ಡಾಕ್ಸ್, ಶೀಟ್ಸ್‌ಗಳಿಗೆ ಮಾಲೀಕರಿಂದ ಕೋರಿಕೆ ಕಳಿಸಿಸಿ ಅಲ್ಲೇ ಒಪ್ಪಿಕೊಳ್ಳಿ. ಹಳೆಯ ಫೋಟೊ, ಪಿಡಿಎಫ್‌ಗಳನ್ನು ಇತಿಹಾಸದ ಹಂಗಿಲ್ಲದೆ ಡೌನ್‌ಲೋಡ್ ಮಾಡಿ ಸಂಘದ ಅಕೌಂಟಿನಿಂದ ಮತ್ತೆ ಹಾಕಿದರೂ ನಡೆಯುತ್ತದೆ. ಆ ಪಟ್ಟಿ ಖಾಲಿಯಾಗುವವರೆಗೆ ಹಳೆಯ ಕಾರ್ಯದರ್ಶಿಯವರನ್ನು ಫೋಲ್ಡರಿನಿಂದ ತೆಗೆಯಬೇಡಿ. ಹಾರ ಹಾಕಿ ಕಳಿಸಿಕೊಡುವುದೂ ಅದಾದ ಮೇಲೇ ಆಗಲಿ.